ಸೋತವರ ಮನೆಯ ಚಳಿಗಾಲ

1946ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರು ಜರ್ಮನಿಗೆ ಹೋದರು. ಹೆಸರು ವಿಕ್ಟರ್ ಗೊಲಾಂಟ್ಸ್. ಯುದ್ಧ ಮುಗಿದು ಒಂದೂವರೆ ವರ್ಷವಾಗಿತ್ತು. ಗೆದ್ದವರು ದೇಶವನ್ನು ನಾಲ್ಕು ಪಾಲು ಮಾಡಿಕೊಂಡಿದ್ದರು: ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ. ಗೊಲಾಂಟ್ಸ್ ಸುತ್ತಿದ್ದು ಬ್ರಿಟಿಷರ ಪಾಲಿಗೆ ಬಂದ ಭಾಗದಲ್ಲಿ. ಹ್ಯಾಂಬರ್ಗ್, ಡ್ಯೂಸೆಲ್ಡಾರ್ಫ್, ಯೂಲಿಶ್. ಜನ ಬದುಕುತ್ತಿದ್ದ ನೆಲಮಾಳಿಗೆಗಳಿಗೆ ಇಳಿದರು. ಆಸ್ಪತ್ರೆ, ಶಾಲೆ ನೋಡಿದರು. ಜೊತೆಗೆ ಫೋಟೋ ತೆಗೆಸಿದರು. ಮರುವರ್ಷ ಅದೆಲ್ಲ ಪುಸ್ತಕವಾಗಿ ಬಂತು. ಅದರಲ್ಲಿ ನನ್ನನ್ನು ಜಾಸ್ತಿ ಹೊತ್ತು ಹಿಡಿದು ನಿಲ್ಲಿಸಿದ್ದು ಮಕ್ಕಳ ಶೂಗಳ ಚಿತ್ರಗಳು. ಸುಮ್ನೆ ಶೂ, ಬೇರೇನಿಲ್ಲ. ಹರಿದವು, ಬಾಯಿ ಬಿಟ್ಟವು. ಒಂದಾದ ಮೇಲೊಂದು.

ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ. ಗೊಲಾಂಟ್ಸ್ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಅವನ ವಿರುದ್ಧ ಪುಸ್ತಕ ಪ್ರಕಟಿಸಿದವರು. ಯುರೋಪಿನ ಯಹೂದಿಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದಾರೆ, ಬ್ರಿಟನ್ ಏನಾದರೂ ಮಾಡಬೇಕು ಎಂದು 1943ರಲ್ಲಿ ಕಿರುಹೊತ್ತಿಗೆ ಬರೆದು ಲಕ್ಷಗಟ್ಟಲೆ ಪ್ರತಿ ಹಂಚಿದವರು. ಜರ್ಮನರು ಏನು ಮಾಡಿದರು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಂಥವರು 1945ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಗಳಿಗೆ ಬರೆದು ಬ್ರಿಟಿಷ್ ಜನರನ್ನು ಕೇಳಿದರು: ನಿಮ್ಮ ರೇಷನ್‌ನಲ್ಲಿ ಸ್ವಲ್ಪ ಬಿಟ್ಟುಕೊಡಲು ತಯಾರಿದ್ದರೆ ಒಂದು ಪೋಸ್ಟ್‌ಕಾರ್ಡ್ ಹಾಕಿ. ಹತ್ತಾರು ಸಾವಿರ ಕಾರ್ಡು ಬಂದವು. ಐದಾರು ವರ್ಷ ಬಾಂಬಿನ ಕೆಳಗೆ ಬದುಕಿದ, ತಾವೇ ಅಳತೆಯ ಬೆಣ್ಣೆ ತಿನ್ನುತ್ತಿದ್ದ ಜನ ಹಾಕಿದ ಕಾರ್ಡುಗಳು ಅವು. ಆದರೆ ಸರ್ಕಾರ ತಿಂಗಳುಗಟ್ಟಲೆ ಪಾರ್ಸೆಲ್ ಕಳಿಸಲು ಬಿಡಲೇ ಇಲ್ಲ.

ಸೋತ ಜರ್ಮನಿಯ ಸಾಮಾನ್ಯ ಜನರ ಕಷ್ಟದ ಬಗ್ಗೆ ಮಾತೆತ್ತಿದರೆ ಎರಡು ತರಹದ ಉತ್ತರ ಸಿಗುತ್ತದೆ. ಒಂದು: "ಮಾಡಿದ್ದುಣ್ಣೋ ಮಹರಾಯ." ಇನ್ನೊಂದು: "ನೋಡಿ, ಅವರಿಗೂ ಹೀಗೆಲ್ಲ ಮಾಡಿದರಲ್ಲ, ಹಾಗಾದರೆ ಎರಡೂ ಕಡೆಯವರು ಒಂದೇ." ಎರಡೂ ಮಾತು ಒಂದೇ ಲೆಕ್ಕದ ಪುಸ್ತಕದಿಂದ ಬರುತ್ತವೆ. ಜಮೆ ಒಂದು ಕಡೆ, ಖರ್ಚು ಒಂದು ಕಡೆ, ಕೊನೆಗೆ ಕಳೆದು ಶೇಷ ತೆಗೆಯುವುದು. ಗೊಲಾಂಟ್ಸ್ ಆ ಪುಸ್ತಕವನ್ನೇ ಮುಟ್ಟಲಿಲ್ಲ ಅನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ. ಈ ಬರಹವೂ ಆದಷ್ಟು ಅದನ್ನು ಮುಟ್ಟದೆ ಸಾಗಬೇಕು ಎಂದು ನನ್ನಾಸೆ.

ಮೊದಲು ಹಸಿವಿನ ವಿಚಾರ. ಬ್ರಿಟಿಷ್ ವಲಯದಲ್ಲಿ ಸಾಮಾನ್ಯ ಗ್ರಾಹಕನಿಗೆ ದಿನಕ್ಕೆ 1,550 ಕ್ಯಾಲರಿ ಎಂದು ಗುರಿ ಇಟ್ಟಿದ್ದರು. 1946ರ ಮಾರ್ಚ್‌ನಲ್ಲಿ ಅದನ್ನು ಸಾವಿರದ ಆಸುಪಾಸಿಗೆ ಇಳಿಸಿದರು. ದೊಡ್ಡವರೊಬ್ಬರು ಸುಮ್ಮನೆ ಕೂತಿದ್ದರೂ ಸಾಲದಷ್ಟು. ಅದೂ ಕಾಗದದ ಮೇಲಿನ ಸಂಖ್ಯೆ. ಅಂಗಡಿಯಲ್ಲಿ ಬ್ರೆಡ್ ಇದ್ದರೆ ಮಾತ್ರ ಸಿಗುವಂಥದ್ದು. ಬರ್ಲಿನ್‌ನಲ್ಲಿ ರೇಷನ್ ಕಾರ್ಡಿಗೆ ಐದು ದರ್ಜೆ. ಕಷ್ಟದ ಕೆಲಸ ಮಾಡುವವರಿಗೆ, ಕಲಾವಿದರಿಗೆ, ವಿಜ್ಞಾನಿಗಳಿಗೆ ಮೇಲಿನ ಕಾರ್ಡು. ಗೃಹಿಣಿಯರಿಗೆ, ಮುದುಕರಿಗೆ, ಕೆಲಸವಿಲ್ಲದವರಿಗೆ ಐದನೆಯದು: ದಿನಕ್ಕೆ 300 ಗ್ರಾಂ ಬ್ರೆಡ್, 20 ಗ್ರಾಂ ಮಾಂಸ, 7 ಗ್ರಾಂ ಕೊಬ್ಬು, ಇನ್ನೊಂದಿಷ್ಟು ಚಿಲ್ಲರೆ ಸಾಮಾನು. ಬರ್ಲಿನ್ ಜನ ಅದನ್ನು ಸ್ಮಶಾನದ ಕಾರ್ಡು ಎಂದು ಕರೆಯುತ್ತಿದ್ದರು. ಮಕ್ಕಳನ್ನು ಸಾಕಿ, ಕ್ಯೂ ನಿಂತು, ಸೌದೆ ಹುಡುಕಿ ತರುವ ಹೆಂಗಸು ಸರ್ಕಾರದ ಕಣ್ಣಿಗೆ ಕೆಲಸವಿಲ್ಲದವಳು. ಎಲ್ಲ ಕಾಲದ, ಎಲ್ಲ ದೇಶದ ಆಫೀಸುಗಳ ಬುದ್ಧಿ ಇದೇ ಅಲ್ವಾ?

ಅದಕ್ಕೇ ಹೆಂಗಸರು ಬಿದ್ದ ಕಟ್ಟಡಗಳ ಇಟ್ಟಿಗೆ ಎತ್ತುವ ಕೆಲಸಕ್ಕೆ ಹೋದರು. ಆ ಕೆಲಸಕ್ಕೆ ಮೇಲಿನ ದರ್ಜೆಯ ಕಾರ್ಡು ಸಿಗುತ್ತಿತ್ತು. ತಲೆಗೆ ವಸ್ತ್ರ ಕಟ್ಟಿ ಸಾಲಾಗಿ ನಿಂತು ಬಕೆಟ್ ದಾಟಿಸುವ ಹೆಂಗಸರ ಫೋಟೋವನ್ನು ನೀವೂ ನೋಡಿರುತ್ತೀರಿ. ದೇಶ ಕಟ್ಟಿದ ತಾಯಂದಿರು ಎಂದು ಆಮೇಲೆ ಅವರಿಗೆ ಪ್ರತಿಮೆಗಳಾದವು. ಆ ವೀರಕಥೆಯ ಬಹುಪಾಲು ಆಮೇಲೆ ಕಟ್ಟಿದ್ದು, ಹೆಚ್ಚಿನ ಅವಶೇಷ ತೆಗೆದದ್ದು ಯಂತ್ರಗಳು ಮತ್ತು ಗುತ್ತಿಗೆ ಕಂಪನಿಗಳು ಎಂದು ಇತ್ತೀಚಿನ ಇತಿಹಾಸಕಾರರು ತೋರಿಸಿದ್ದಾರೆ. ಇರಬಹುದು. ಆದರೆ 1945ರ ಬರ್ಲಿನ್‌ನಲ್ಲಿ ಬಕೆಟ್ ಹಿಡಿದು ನಿಂತವಳು ಪ್ರತಿಮೆಗಾಗಿ ನಿಂತಿರಲಿಲ್ಲ. ಇನ್ನೂರು ಗ್ರಾಂ ಬ್ರೆಡ್ ಜಾಸ್ತಿ ಸಿಕ್ಕೀತು ಎಂದು ನಿಂತಿದ್ದಳು.

ಹಸಿವು ಯಾಕೆ ಬಂತು? ಬೇಕೆಂದೇ ಜರ್ಮನರನ್ನು ಉಪವಾಸ ಕೆಡವಿದರು ಎನ್ನುವವರಿದ್ದಾರೆ. ಅಮೆರಿಕದ ಸೇನೆಗೆ 1945ರಲ್ಲಿ ಬಂದ ಆದೇಶ ಓದಿದರೆ ಹಾಗೆ ಅನ್ನಿಸುವುದೂ ಹೌದು. ಜೆಸಿಎಸ್ 1067 ಎಂದು ಅದರ ಸಂಖ್ಯೆ. ಜರ್ಮನಿಯ ಆರ್ಥಿಕತೆಯನ್ನು ಎತ್ತಿ ನಿಲ್ಲಿಸುವ ಯಾವ ಕೆಲಸವನ್ನೂ ಮಾಡಬೇಡಿ. ರೋಗ, ಗಲಭೆ ಎದ್ದು ನಮ್ಮ ಸೈನ್ಯಕ್ಕೆ ತೊಂದರೆ ಆಗದಷ್ಟು ಊಟ ಸಿಕ್ಕರೆ ಸಾಕು ಎನ್ನುವ ಧಾಟಿ. ಅಲ್ಲಿನ ಅಮೆರಿಕದ ಜನರಲ್ ಲೂಷಿಯಸ್ ಕ್ಲೇ ಅವರಿಗೇ ಇದು ನಡೆಯುವ ಮಾತಲ್ಲ ಅನ್ನಿಸಿತು. ರಷ್ಯನ್ನರ ಕಡೆ 1,500 ಕ್ಯಾಲರಿ ಸಿಕ್ಕು ನಮ್ಮ ಕಡೆ ಸಾವಿರ ಸಿಕ್ಕರೆ ಜನ ಪ್ರಜಾಪ್ರಭುತ್ವವನ್ನು ಯಾಕೆ ಆರಿಸಿಕೊಳ್ಳುತ್ತಾರೆ ಎಂದು ಅವರು 1946ರಲ್ಲೇ ವಾಷಿಂಗ್ಟನ್ನಿಗೆ ಬರೆದರು. ಆ ಆದೇಶ ಬದಲಾಗಿದ್ದು 1947ರ ಜುಲೈನಲ್ಲಿ.

ಆದರೆ ಆದೇಶವೊಂದೇ ಕಾರಣ ಅನ್ನುವುದು ಅರ್ಧ ಸತ್ಯ. ಯುದ್ಧದ ಉದ್ದಕ್ಕೂ ಜರ್ಮನರ ತಟ್ಟೆ ತುಂಬಿದ್ದು ಬೇರೆಯವರ ಕಣಜದಿಂದ. ಉಕ್ರೇನಿನ ಗೋಧಿ, ಫ್ರಾನ್ಸಿನ ದನ, ಡೆನ್ಮಾರ್ಕಿನ ಬೆಣ್ಣೆ. ಲೆನಿನ್‌ಗ್ರಾಡನ್ನು ಮುತ್ತಿಗೆ ಹಾಕಿ ಹಸಿವಿನಿಂದಲೇ ಲಕ್ಷಾಂತರ ಜನರನ್ನು ಸಾಯಿಸಿದ ದೇಶ ಅದು. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನ ಜನ ಟ್ಯೂಲಿಪ್ ಗಡ್ಡೆ ತಿಂದು ಬದುಕಿದ್ದೂ ಜರ್ಮನ್ ಸೇನೆ ಆಹಾರ ಸಾಗಾಟ ತಡೆದದ್ದರಿಂದ. ಯುದ್ಧ ಮುಗಿದಾಗ ಲೂಟಿ ನಿಂತಿತು. ಪೂರ್ವದ ಹೊಲಗಳು ಪೋಲೆಂಡ್ ಪಾಲಾದವು. ಸೇತುವೆ, ರೈಲು ಹಳಿ ಮುರಿದಿದ್ದವು. ಗೊಬ್ಬರದ ಕಾರ್ಖಾನೆ ನಿಂತಿದ್ದವು. ಅದರ ಮೇಲೆ ಲಕ್ಷಲಕ್ಷ ನಿರಾಶ್ರಿತರು ಬಂದಿಳಿದರು.

ಮತ್ತೆ ಆ ವರ್ಷ ಇಡೀ ಜಗತ್ತಿನಲ್ಲೇ ಧಾನ್ಯ ಇರಲಿಲ್ಲ. ಇಲ್ಲಿ ನಮ್ಮ ಊರಿನ ಹೆಸರೂ ಬರುತ್ತದೆ. 1945ರಲ್ಲಿ ಮಳೆ ಕೈಕೊಟ್ಟು ಮೈಸೂರು, ಮದ್ರಾಸು, ಮುಂಬೈ ಪ್ರಾಂತಗಳಲ್ಲಿ ಬರ ಬಂದಿತ್ತು. ಬಂಗಾಳದಲ್ಲಿ ಲಕ್ಷಾಂತರ ಜನ ಸತ್ತು ಇನ್ನೂ ಮೂರು ವರ್ಷ ಆಗಿರಲಿಲ್ಲ. 1946ರಲ್ಲಿ ಭಾರತದಲ್ಲಿ ದಿನದ ಧಾನ್ಯದ ರೇಷನ್ನು 12 ಔನ್ಸಿಗೆ ಇಳಿದಿತ್ತು. ಅಂದರೆ ಸುಮಾರು 340 ಗ್ರಾಂ, ಹೆಚ್ಚುಕಮ್ಮಿ 1,200 ಕ್ಯಾಲರಿ. ಅಮೆರಿಕದ ಮಾಜಿ ಅಧ್ಯಕ್ಷ ಹರ್ಬರ್ಟ್ ಹೂವರ್ ಜಗತ್ತಿನ ಬರ ಅಳೆಯುತ್ತ ಆ ಏಪ್ರಿಲ್‌ನಲ್ಲಿ ಇಂಡಿಯಾಕ್ಕೂ ಬಂದರು, ಮರುವರ್ಷ ಫೆಬ್ರವರಿಯಲ್ಲಿ ಜರ್ಮನಿಗೂ ಹೋದರು. ಒಂದೇ ಗೋಧಿಯ ರಾಶಿಯಿಂದ ಹ್ಯಾಂಬರ್ಗ್‌ಗೂ ಕೊಡಬೇಕು, ಮೈಸೂರಿಗೂ ಕೊಡಬೇಕು. ಲಂಡನ್ನಿನಲ್ಲಿ ಮಂತ್ರಿಗಳು ಯಾವ ಹಡಗನ್ನು ಎಲ್ಲಿಗೆ ತಿರುಗಿಸುವುದು ಎಂದು ಚರ್ಚಿಸುತ್ತ ಕೂತಿದ್ದರು. ಕೊನೆಗೆ ಯುದ್ಧದ ಕಾಲದಲ್ಲೂ ಬ್ರೆಡ್ಡಿಗೆ ರೇಷನ್ ಹಾಕದಿದ್ದ ಬ್ರಿಟನ್ 1946ರ ಜುಲೈನಲ್ಲಿ ಅದನ್ನೂ ಹಾಕಿತು. ಗೆದ್ದವರೆಲ್ಲ ಹೊಟ್ಟೆ ತುಂಬಿಸಿಕೊಂಡು ಸೋತವರನ್ನು ನೋಡುತ್ತ ಕೂತಿದ್ದರು ಎನ್ನುವ ಚಿತ್ರ ಹಾಗಾಗಿ ಸರಿಯಲ್ಲ. ನಮ್ಮ ಅಜ್ಜ-ಅಜ್ಜಿಯರ ಕಾಲದ ರೇಷನ್ ಕ್ಯೂ ಮತ್ತು ಜರ್ಮನಿಯ ರೇಷನ್ ಕ್ಯೂ ಒಂದೇ ಗೋದಾಮಿನ ಮುಂದೆ ನಿಂತಿದ್ದವು. ಅಷ್ಟೇ ನಿಜ ಇನ್ನೊಂದಿದೆ. ಆ ಕ್ಯೂನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುತ್ತಿದ್ದವರು ಮಾತ್ರ ಬೇರೆ.

ಆ ಎರಡನೇ ಚಳಿಗಾಲ, 1946-47, ಶತಮಾನದ ಕಡು ಚಳಿಗಾಲಗಳಲ್ಲಿ ಒಂದು. ರೈನ್ ನದಿ ಹೆಪ್ಪುಗಟ್ಟಿತು. ಪಕ್ಕದ ರೂರ್ ಪ್ರದೇಶದ ಗಣಿಗಳಲ್ಲಿ ಕಲ್ಲಿದ್ದಲು ಇತ್ತು, ಆದರೆ ಅದರಲ್ಲಿ ಒಳ್ಳೆಯ ಪಾಲು ಗೆದ್ದ ದೇಶಗಳಿಗೆ ರಫ್ತಾಗುತ್ತಿತ್ತು. ಬರ್ಲಿನ್ ಜನ ತಮ್ಮ ಊರ ನಡುವಿನ ಟಿಯರ್‌ಗಾರ್ಟನ್ ಉದ್ಯಾನದ ಮರಗಳನ್ನು ಕಡಿದು ಸುಟ್ಟರು. ಎರಡು ಲಕ್ಷದಷ್ಟು ಮರಗಳಲ್ಲಿ ಉಳಿದದ್ದು ಏಳುನೂರು. ಖಾಲಿಯಾದ ನೆಲದಲ್ಲಿ ಆಲೂಗಡ್ಡೆ, ಕೋಸು ಬೆಳೆದರು. ಸುಟ್ಟ ಸಂಸತ್ ಭವನದ ಎದುರು ತರಕಾರಿ ಮಡಿಗಳು! ಊರವರು ರೈಲಿನ ಮೇಲೆ, ಬಾಗಿಲಿಗೆ ನೇತಾಡಿಕೊಂಡು ಹಳ್ಳಿಗಳಿಗೆ ಹೋಗಿ ಮನೆಯ ಬೆಳ್ಳಿ, ಜಮಖಾನ, ಮದುವೆಯ ಉಂಗುರ ಕೊಟ್ಟು ಆಲೂಗಡ್ಡೆ ತಂದರು. ರೈತರ ಕೊಟ್ಟಿಗೆಗೂ ಪರ್ಷಿಯನ್ ಕಾರ್ಪೆಟ್ ಬಂತು ಎಂಬ ಕುಹಕ ಆಗ ಎಲ್ಲರ ಬಾಯಲ್ಲಿ. ಹಣಕ್ಕೆ ಬೆಲೆ ಇರಲಿಲ್ಲ. ಅಮೆರಿಕನ್ ಸಿಗರೇಟೇ ದುಡ್ಡು.

ಕಲೋನ್ ಊರಿನಲ್ಲಿ ಆಗ ಯೋಸೆಫ್ ಫ್ರಿಂಗ್ಸ್ ಎಂಬ ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಗುರು ಇದ್ದರು. 1946ರ ಡಿಸೆಂಬರ್ 31ರ ಸಂಜೆ ರೀಲ್ ಬಡಾವಣೆಯ ಸಂತ ಎಂಗೆಲ್‌ಬರ್ಟ್ ಚರ್ಚಿನಲ್ಲಿ ಪ್ರವಚನ ಮಾಡುತ್ತ ಅವರು ಒಂದು ಮಾತು ಹೇಳಿದರು. ದುಡಿದೋ ಬೇಡಿಯೋ ಸಿಗದೇ ಹೋದಾಗ, ಜೀವ ಮತ್ತು ಆರೋಗ್ಯ ಉಳಿಸಿಕೊಳ್ಳಲು ಬೇಕಾದ್ದನ್ನು ಮನುಷ್ಯ ತೆಗೆದುಕೊಳ್ಳಬಹುದು ಎಂಬ ಅರ್ಥದ ಮಾತು. ಚಳಿಯಲ್ಲಿ ಗದಗುಟ್ಟುತ್ತಿದ್ದ ಊರಿಗೆ ಅಷ್ಟು ಸಾಕಿತ್ತು. ಸಿಗ್ನಲ್ ಬಳಿ ನಿಧಾನವಾದ ಗೂಡ್ಸ್ ರೈಲುಗಳ ಮೇಲೆ ಹುಡುಗರು ಹತ್ತಿ ಕಲ್ಲಿದ್ದಲು ಕೆಳಗೆಸೆಯುವುದು, ಅಮ್ಮಂದಿರು ಚೀಲ ಹಿಡಿದು ಆರಿಸುವುದು ಮೊದಲೇ ನಡೆದಿತ್ತು. ಈಗ ಅದಕ್ಕೆ ಕಾರ್ಡಿನಲ್ಲರ ಹೆಸರನ್ನೇ ಇಟ್ಟರು.

ಆನ್‌ಸೈಟ್ ಕೆಲಸಕ್ಕೆಂದು ಕಲೋನ್‌ನಲ್ಲಿದ್ದಾಗ ನಾನು ಒಂದು ಭಾನುವಾರ ಆ ಚರ್ಚು ನೋಡಲು ಹೋಗಿದ್ದೆ. ವಿಚಿತ್ರ ಕಟ್ಟಡ. ದುಂಡಗೆ, ಮೇಲೆ ಕಮಾನು ಕಮಾನಾಗಿ ಮಡಿಚಿದ ಇಟ್ಟಿಗೆ ಗೋಡೆಗಳು. ಊರವರು ತಮಾಷೆಗೆ ನಿಂಬೆಹಣ್ಣು ಹಿಂಡುವ ಸಾಧನ ಅನ್ನುತ್ತಾರಂತೆ. ನೋಡಿದರೆ ಹೌದು ಅನ್ನಿಸುತ್ತದೆ. ಅಲ್ಲಿ ಸಿಕ್ಕ ವಯಸ್ಸಾದವರೊಬ್ಬರು ಫ್ರಿಂಗ್ಸ್ ಬಗ್ಗೆ ಖುಷಿಯಾಗಿ ಮಾತಾಡಿದರು. ಆ ಪ್ರವಚನದ ಮುಂದಿನ ವಾಕ್ಯವನ್ನು ಅವರೂ ಹೇಳಲಿಲ್ಲ, ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಎಷ್ಟೋ ಸಲ ಜನ ಇದನ್ನು ಮೀರಿ ಬಹಳ ಮುಂದೆ ಹೋಗಿದ್ದಾರೆ, ಅನ್ಯಾಯದಿಂದ ಪಡೆದದ್ದನ್ನು ಕೂಡಲೇ ವಾಪಸ್ ಕೊಡಬೇಕು, ಇಲ್ಲವಾದರೆ ದೇವರ ಕ್ಷಮೆ ಇಲ್ಲ ಎಂದೂ ಕಾರ್ಡಿನಲ್ ಹೇಳಿದ್ದರು. ಕಲ್ಲಿದ್ದಲಿನ ಬಗ್ಗೆಯೇ ಹೇಳಿದರೋ, ಇನ್ನೂ ದೊಡ್ಡದರ ಬಗ್ಗೆ ಹೇಳಿದರೋ. ಯಹೂದಿ ಪಕ್ಕದ ಮನೆಯವರನ್ನು ಸಾಗಹಾಕಿದ ಮೇಲೆ ಅವರ ಕುರ್ಚಿ, ಮೇಜು, ಬೆಳ್ಳಿ ಚಮಚಗಳನ್ನು ಹರಾಜಿನಲ್ಲಿ ಅಗ್ಗಕ್ಕೆ ಕೊಂಡ ಮನೆಗಳು ಅದೇ ಊರಿನಲ್ಲಿ ಇದ್ದವಲ್ಲ. ನನಗೆ ಈ ಎರಡನೇ ವಾಕ್ಯವನ್ನು ಹಾಗೆ ಓದಲು ಮನಸ್ಸಾಗುತ್ತದೆ. ಅವರು ಹಾಗೆಂದಿರಲಿಕ್ಕಿಲ್ಲ.

ಆ ಚಳಿಗಾಲದ ಕೊನೆಗೆ ರೂರ್ ಪ್ರದೇಶದಲ್ಲಿ ಲಕ್ಷಾಂತರ ಗಣಿ ಕಾರ್ಮಿಕರು ಹಸಿವು ತಾಳಲಾರದೆ ಮುಷ್ಕರ ಹೂಡಿದರು. 1947ರ ವಸಂತದಲ್ಲಿ ಹೂವರ್ ಯೋಜನೆಯಿಂದ ಶಾಲೆಗಳಲ್ಲಿ ಮಕ್ಕಳಿಗೆ ಬಿಸಿ ಊಟ ಶುರುವಾಯಿತು. ದಿನಕ್ಕೆ 350 ಕ್ಯಾಲರಿ, ಮೂವತ್ತೈದು ಲಕ್ಷ ಮಕ್ಕಳಿಗೆ. ಅಮೆರಿಕದಿಂದ ಮೆಕ್ಕೆಜೋಳದ ಹಿಟ್ಟೂ ಬಂತು. ಹಳದಿ ಬ್ರೆಡ್ಡನ್ನು ಜರ್ಮನರು ಮುಖ ಸಿಂಡರಿಸಿಕೊಂಡು ತಿಂದರು. ಕೋಳಿಗೆ ಹಾಕುವುದನ್ನು ನಮಗೆ ಕೊಟ್ಟರು ಎಂದು 1948ರ ಜನವರಿಯಲ್ಲಿ ಭಾಷಣ ಮಾಡಿದ ಯೊಹಾನೆಸ್ ಸೆಮ್ಲರ್ ಎಂಬ ದೊಡ್ಡ ಅಧಿಕಾರಿಯನ್ನು ಕೆಲಸದಿಂದಲೇ ತೆಗೆದರು. ಸೈನ್ಯದ ಆಡಳಿತ ಅಂದರೆ ಅದು. ಹಸಿದವನು ಊಟ ಸರಿಯಿಲ್ಲ ಅನ್ನುವ ಹಾಗಿಲ್ಲ. ಒಳ್ಳೆಯ ಮನೆ ಉಳಿದಿದ್ದರೆ ಅಧಿಕಾರಿಗಳ ಸಂಸಾರಕ್ಕೆ ಬಿಟ್ಟುಕೊಡಬೇಕು. ಕಾರ್ಖಾನೆಯ ಯಂತ್ರ ಬಿಚ್ಚಿ ಒಯ್ಯುವಾಗ ಬಿಚ್ಚುವ ಕೆಲಸ ಅಲ್ಲಿನ ಕಾರ್ಮಿಕನೇ ಮಾಡಬೇಕು.

ಹೆಂಗಸರ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯುವುದು ಕಷ್ಟ, ಬಿಡುವುದು ಇನ್ನೂ ಕಷ್ಟ. 1945ರ ವಸಂತದಲ್ಲಿ ಸೋವಿಯತ್ ಸೇನೆ ಬರ್ಲಿನ್ ಹೊಕ್ಕಾಗ ನಡೆದ ಅತ್ಯಾಚಾರಗಳ ಲೆಕ್ಕ ಯಾರ ಬಳಿಯೂ ಪೂರ್ತಿ ಇಲ್ಲ. ಆಸ್ಪತ್ರೆಗಳ ದಾಖಲೆ ಹಿಡಿದು ಮಾಡಿದ ಅಂದಾಜಿನಲ್ಲಿ ಬರ್ಲಿನ್ ಒಂದರಲ್ಲೇ ಒಂದು ಲಕ್ಷದ ಆಸುಪಾಸು. ಹುಡುಗಿಯರಿಂದ ಹಿಡಿದು ಮುದುಕಿಯರವರೆಗೆ. ಪಶ್ಚಿಮದ ಸೈನ್ಯಗಳೂ ಶುದ್ಧವಾಗಿರಲಿಲ್ಲ. ನೈಋತ್ಯ ಜರ್ಮನಿಯ ಕಪ್ಪು ಕಾಡು (ಬ್ಲ್ಯಾಕ್ ಫಾರೆಸ್ಟ್) ಪ್ರದೇಶದ ಫ್ರಾಯ್ಡನ್‌ಸ್ಟಾಟ್ ಎಂಬ ಪಟ್ಟಣದಲ್ಲಿ ಆ ಏಪ್ರಿಲ್‌ನಲ್ಲಿ ಫ್ರೆಂಚ್ ಸೇನೆಯವರು ದಿನಗಟ್ಟಲೆ ಇದನ್ನೇ ಮಾಡಿದರು. ಅಮೆರಿಕನ್ನರ ಮೇಲೂ ದೂರುಗಳಿದ್ದವು.

ಬರ್ಲಿನ್‌ನ ಒಬ್ಬಾಕೆ ಆ ವಾರಗಳ ದಿನಚರಿ ಬರೆದಿಟ್ಟಿದ್ದಳು. ಹೆಸರು ಹಾಕದೆ 1950ರ ದಶಕದಲ್ಲಿ ಅದು ಪ್ರಕಟವಾಯಿತು, ಮೊದಲು ಇಂಗ್ಲಿಷಿನಲ್ಲಿ. 1959ರಲ್ಲಿ ಜರ್ಮನ್ ಭಾಷೆಯಲ್ಲಿ ಬಂದಾಗ ಅವಳ ಊರವರೇ ಅವಳ ಮೇಲೆ ಬಿದ್ದರು. ಜರ್ಮನ್ ಹೆಂಗಸರ ಮಾನ ಕಳೆದಳು ಎಂದರು. ತಾನು ಬದುಕಿರುವವರೆಗೆ ಮತ್ತೆ ಅಚ್ಚು ಹಾಕಬೇಡಿ ಎಂದು ಆಕೆ ಹೇಳಿಬಿಟ್ಟಳು. ಅವಳು ಸತ್ತ ಮೇಲೆ, 2003ರಲ್ಲಿ ಅದೇ ಪುಸ್ತಕ ಜರ್ಮನಿಯಲ್ಲಿ ಸಾವಿರಾರು ಪ್ರತಿ ಮಾರಾಟವಾಯಿತು. ನಡುವೆ ನಲವತ್ತು ವರ್ಷಕ್ಕೂ ಹೆಚ್ಚು ಮೌನ. ಪೂರ್ವ ಜರ್ಮನಿಯಲ್ಲಂತೂ ಬಾಯಿ ಬಿಡುವ ಹಾಗೇ ಇರಲಿಲ್ಲ. ಸೋವಿಯತ್ ಸೈನಿಕ ಅಲ್ಲಿ ವಿಮೋಚಕ. ಪಶ್ಚಿಮದಲ್ಲಿ ಬಾಯಿ ಬಿಡಬಹುದಿತ್ತು, ಆದರೆ ಯುದ್ಧದಿಂದ ವಾಪಸ್ ಬಂದ ಗಂಡನಿಗೆ ಕೇಳಲು ಇಷ್ಟವಿರಲಿಲ್ಲ. ಆ ಗಂಡಂದಿರಲ್ಲಿ ಕೆಲವರು ತಾವು ರಷ್ಯಾದ ಹಳ್ಳಿಗಳಲ್ಲಿ ಏನು ನೋಡಿದ್ದರು, ಏನು ಮಾಡಿದ್ದರು ಎಂಬುದನ್ನೂ ಹೇಳುತ್ತಿರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬಾಯಿ ಮುಚ್ಚಿಕೊಂಡು ಉಂಡರು.

ಆಕ್ರಮಿತ ವರ್ಷಗಳಲ್ಲಿ ಸೈನಿಕರಿಗೆ ಹುಟ್ಟಿದ ಮಕ್ಕಳು ಲಕ್ಷಾಂತರ. ಕೆಲವರು ಪ್ರೀತಿಯಿಂದ, ಕೆಲವರು ಚಾಕೊಲೇಟು-ಸಿಗರೇಟಿನ ವ್ಯವಹಾರದಿಂದ, ಕೆಲವರು ಬಲವಂತದಿಂದ. ಅಪ್ಪನ ಮೇಲೆ ಜರ್ಮನ್ ಕೋರ್ಟಿನಲ್ಲಿ ದಾವೆ ಹೂಡುವ ಹಾಗಿರಲಿಲ್ಲ. ಕಪ್ಪು ಅಮೆರಿಕನ್ ಸೈನಿಕರ ಮಕ್ಕಳಿಗಂತೂ ಬಣ್ಣವೇ ಸಾಕ್ಷಿ. ಹಿಟ್ಲರ್ ಸತ್ತಿದ್ದ, ಅವನು ಕಲಿಸಿದ್ದು ಸತ್ತಿರಲಿಲ್ಲ.

ಇನ್ನು ಹೊರಹಾಕಿದ ಜನರು. 1945ರ ಆಗಸ್ಟ್ 2ರಂದು ಪಾಟ್ಸ್‌ಡ್ಯಾಮ್‌ನಲ್ಲಿ ಗೆದ್ದವರು ಸಹಿ ಹಾಕಿದ ಒಪ್ಪಂದದಲ್ಲಿ ಪೋಲೆಂಡ್, ಚೆಕೊಸ್ಲೊವಾಕಿಯಾ, ಹಂಗೇರಿಗಳ ಜರ್ಮನರನ್ನು "ಕ್ರಮಬದ್ಧವಾಗಿ, ಮಾನವೀಯವಾಗಿ" ಸಾಗಿಸಬೇಕು ಎಂದಿತ್ತು. ಅಷ್ಟರಲ್ಲಿ ಎಷ್ಟೋ ಕಡೆ ಕ್ರಮವೂ ಇಲ್ಲದೆ, ಮಾನವೀಯತೆಯೂ ಇಲ್ಲದೆ ಕೆಲಸ ನಡೆದುಹೋಗಿತ್ತು. ಓಡಿಬಂದವರು, ಹೊರದಬ್ಬಿಸಿಕೊಂಡವರು ಸೇರಿ ಸುಮಾರು 1.2 ಕೋಟಿ. ದಾರಿಯಲ್ಲಿ ಸತ್ತವರು ಐದು ಲಕ್ಷ ಎನ್ನುವವರಿಂದ ಹಿಡಿದು ಇಪ್ಪತ್ತು ಲಕ್ಷ ಎನ್ನುವವರವರೆಗೆ ಇದ್ದಾರೆ. ಇತ್ತೀಚಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಚಿಕ್ಕ ಸಂಖ್ಯೆಯ ಕಡೆಗೇ ವಾಲುತ್ತಾರೆ.

ಚೆಕೊಸ್ಲೊವಾಕಿಯಾದ ಮೊರಾವಿಯಾ ಪ್ರಾಂತದ ಬ್ರನೋ ಊರನ್ನೇ ತೆಗೆದುಕೊಳ್ಳಿ. 1945ರ ಮೇ 30ರ ರಾತ್ರಿ ಅಲ್ಲಿನ ಜರ್ಮನ್ ಮಾತಾಡುವ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಿಂದ ಎಬ್ಬಿಸಿ ಆಸ್ಟ್ರಿಯಾ ಗಡಿಯ ಕಡೆ ನಡೆಸಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಗಟ್ಟಿ ಗಂಡಸರು ಸೆರೆಯಲ್ಲಿದ್ದರು ಇಲ್ಲವೆ ಸತ್ತಿದ್ದರು. ಮೂವತ್ತು ಕಿಲೋಮೀಟರ್ ದೂರದ ಪೊಹೊರ್ಜೆಲಿಟ್ಸೆ ಎಂಬಲ್ಲಿ ಕೂಡಿಹಾಕಿದಾಗ ಭೇದಿ ಹರಡಿ ನೂರಾರು ಜನ ಸತ್ತರು. ಇದೇ ಬ್ರನೋದಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಒಂದು ವಿದ್ಯಾರ್ಥಿ ನಿಲಯವನ್ನು ಜೈಲು ಮಾಡಿಕೊಂಡು ನೂರಾರು ಚೆಕ್ ಜನರನ್ನು ಕೊಂದಿತ್ತು. ಆ ಊರಿನ ಯಹೂದಿಗಳನ್ನು ರೈಲು ಹತ್ತಿಸಿತ್ತು. ಸಿಟ್ಟು ಎಲ್ಲಿಂದ ಬಂತು ಎಂದು ಕೇಳಬೇಕಿಲ್ಲ. ಆದರೆ ಗೆಸ್ಟಾಪೊದವರು ಅಷ್ಟು ಹೊತ್ತಿಗೆ ಕಾರು ಹತ್ತಿ ಓಡಿಹೋಗಿದ್ದರು. ಸಿಟ್ಟಿಗೆ ಕೈಗೆ ಸಿಕ್ಕಿದ್ದು ಅಜ್ಜಿಯರು.

2015ರಲ್ಲಿ ಬ್ರನೋ ನಗರಸಭೆ ಆ ನಡಿಗೆಯ ಬಗ್ಗೆ ಅಧಿಕೃತವಾಗಿ ವಿಷಾದ ಹೇಳಿತು. ಅಲ್ಲಿನವರು ನೆನಪಿನ ನಡಿಗೆಯನ್ನು ಪೊಹೊರ್ಜೆಲಿಟ್ಸೆಯಿಂದ ಬ್ರನೋ ಕಡೆಗೆ, ಅಂದರೆ ತಿರುಗಿ ಊರಿಗೆ ಬರುವ ದಿಕ್ಕಿನಲ್ಲಿ ನಡೆಯುತ್ತಾರೆ. ಊರಿನಲ್ಲಿ ಇದಕ್ಕೆ ವಿರೋಧವೂ ಇತ್ತು. ಇರುವುದು ಸಹಜ.

ಹೊರಹಾಕಿಸಿಕೊಂಡು ಬಂದವರಿಗೆ ಜರ್ಮನಿ ಕಾಲು ತೊಳೆದು ಸ್ವಾಗತಿಸಿತು ಎಂದುಕೊಳ್ಳಬೇಡಿ. ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತದಲ್ಲಿ ಯುದ್ಧಕ್ಕೆ ಮೊದಲು 16 ಲಕ್ಷ ಜನ. 1946ರ ಹೊತ್ತಿಗೆ 26 ಲಕ್ಷ. ಒಂದೇ ಒಲೆಗೆ ನಾಲ್ಕು ಸಂಸಾರ. ಅದೇ ಭಾಷೆ, ಅದೇ ಧರ್ಮದ ಜನರನ್ನು ಊರವರು ಪೋಲೆಂಡಿನ ತಿರುಬೋಕಿಗಳು ಎಂದು ಹಂಗಿಸಿದರು. ಒಂದೇ ಜನಾಂಗ, ಒಂದೇ ರಕ್ತ ಎಂದು ಹನ್ನೆರಡು ವರ್ಷ ಕೂಗಿದ ದೇಶ ಅದು. ಒಂದು ಬಕೆಟ್ ಆಲೂಗಡ್ಡೆ ಹಂಚಿಕೊಳ್ಳುವ ಹೊತ್ತಿಗೆ ರಕ್ತ ಬೇರೆಯಾಯಿತು.

ನಾನು ಮೊದಲು ಹೇಳಿದ ಲೆಕ್ಕದ ಪುಸ್ತಕಕ್ಕೆ ಒಂದು ಸಲ ವಾಪಸ್ ಹೋಗಬೇಕು, ಯಾಕೆಂದರೆ ಅದು ನಮ್ಮಲ್ಲೂ ಓಡಾಡುತ್ತದೆ. ಬೆಂಗಳೂರಿನ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಹಿಟ್ಲರನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕ ಕೂತಿರುವುದನ್ನು ನೋಡಿದ್ದೇನೆ. ಹಾಗೆ ಕೊಂಡು ಓದುವವರ ವಾಟ್ಸಾಪ್ ಗುಂಪುಗಳಿಗೆ ಆಗಾಗ ಒಂದು ಸಂದೇಶ ಬರುತ್ತದೆ: ಅಮೆರಿಕನ್ನರು ರೈನ್ ದಂಡೆಯಲ್ಲಿ ಹತ್ತು ಲಕ್ಷ ಜರ್ಮನರನ್ನು ಸಾಯಿಸಿದರು, ಇತಿಹಾಸ ಮುಚ್ಚಿಟ್ಟಿದೆ. ಇದರ ಬೇರು 1989ರಲ್ಲಿ ಕೆನಡಾದ ಲೇಖಕರೊಬ್ಬರು ಬರೆದ ಪುಸ್ತಕ. ರೈನ್ ದಂಡೆಯ ಶಿಬಿರಗಳು ನಿಜ. ರೆಮಾಗೆನ್, ಜಿಂಟ್ಸಿಗ್, ಬಾಡ್ ಕ್ರೊಯ್ಟ್ಸ್‌ನಾಖ್ ಸುತ್ತಮುತ್ತ 1945ರ ವಸಂತದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೈದಿಗಳನ್ನು ಬಯಲಿನಲ್ಲಿ ಬೇಲಿ ಹಾಕಿ ಕೂಡಿದರು. ಡೇರೆ ಇಲ್ಲ. ಮಳೆಯಲ್ಲಿ ಕೈಯಿಂದ ಗುಂಡಿ ತೋಡಿ ಮಲಗಿದರು. ಹದಿಹರೆಯದ ಹುಡುಗರೂ, ಕೊನೆಗಾಲದಲ್ಲಿ ಬಂದೂಕು ಕೊಟ್ಟು ನಿಲ್ಲಿಸಿದ ಮುದುಕರೂ ಅದರಲ್ಲಿದ್ದರು. ಸತ್ತವರು ಮೂರು ಸಾವಿರದಿಂದ ಹತ್ತು ಸಾವಿರ ಎಂದು ದಾಖಲೆ ನೋಡಿದ ಸಂಶೋಧಕರ ಅಂದಾಜು. ಹತ್ತು ಲಕ್ಷವನ್ನು ಗಂಭೀರ ಇತಿಹಾಸಕಾರರು ಒಪ್ಪಿಲ್ಲ. ನವನಾಜಿಗಳು ಹಲವು ವರ್ಷ ನವೆಂಬರ್‌ನಲ್ಲಿ ರೆಮಾಗೆನ್‌ಗೆ ಬಂದು ಮೆರವಣಿಗೆ ಮಾಡಿದರು, ಊರವರು ಎದುರು ಸಭೆ ಮಾಡಿದರು. ಮಣ್ಣಿನ ಗುಂಡಿಯಲ್ಲಿ ಸತ್ತ ಸಾವಿರಾರು ಜನರ ನೋವು ಇವರಿಗೆ ಸಾಲುವುದಿಲ್ಲ. ಅದು ನಾಜಿಗಳು ಯಹೂದಿಗಳನ್ನು ಕೊಂದ ಶಿಬಿರ ಆಶ್ವಿಟ್ಸ್‌ಗೆ ಸಮನಾಗಬೇಕು, ಇಲ್ಲದಿದ್ದರೆ ಅವರಿಗೆ ಅದರಿಂದ ಉಪಯೋಗವಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದು ವೈಮಾರ್ ಹತ್ತಿರದ ಬೂಖೆನ್‌ವಾಲ್ಡ್‌ನಲ್ಲಿದೆ. ನಾಜಿಗಳು ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದ ಶಿಬಿರ ಅದು. 1945ರ ಆಗಸ್ಟ್‌ನಿಂದ ಸೋವಿಯತ್ ಪೊಲೀಸರು ಅದೇ ಜಾಗ, ಅದೇ ಷೆಡ್ಡುಗಳಲ್ಲಿ ಜರ್ಮನರನ್ನು ತುಂಬಿದರು. 1950ರವರೆಗೆ 28 ಸಾವಿರ ಜನ. ಸತ್ತವರು ಏಳು ಸಾವಿರಕ್ಕೂ ಹೆಚ್ಚು, ಬಹುತೇಕ ಹಸಿವು ಮತ್ತು ರೋಗದಿಂದ. ಬಹಳ ಜನ ನಾಜಿ ಪಕ್ಷದ ಕೆಳಗಿನ ಹಂತದ ಪುಢಾರಿಗಳು. ಅವರ ಜೊತೆಗೆ ಯಾರೋ ಹೆಸರು ಕೊಟ್ಟರು ಎಂದು ಸಿಕ್ಕಿಬಿದ್ದವರು, ಶಾಲಾ ಹುಡುಗರು. ವಿಚಾರಣೆ ಇಲ್ಲ, ಮನೆಗೆ ಕಾಗದವಿಲ್ಲ. ಪೂರ್ವ ಜರ್ಮನಿ ಇದನ್ನು ನಲವತ್ತು ವರ್ಷ ಹೂತಿಟ್ಟಿತು. ಬರ್ಲಿನ್ ಗೋಡೆ ಬಿದ್ದ ಮೇಲೆ ಕಾಡಿನಲ್ಲಿ ಗೋರಿಗಳು ಸಿಕ್ಕವು. ಆಗ ದೊಡ್ಡ ಜಗಳವಾಯಿತು. ನಾಜಿ ಶಿಬಿರದಿಂದ ಬದುಕಿ ಬಂದ ಮುದುಕರು, ನಮ್ಮನ್ನು ಕಾವಲು ಕಾದವರಿಗೂ ನಮಗೂ ಒಂದೇ ಸ್ಮಾರಕವೇ ಎಂದು ಕೇಳಿದರು. ಬೆರ್ನ್ಡ್ ಫೌಲೆನ್‌ಬಾಖ್ ಎಂಬ ಇತಿಹಾಸಕಾರ ಆ ಹೊತ್ತಿನಲ್ಲಿ ಹೇಳಿದ ಸೂತ್ರ ಹೀಗೆ: ಸ್ಟಾಲಿನ್ ಕಾಲದ ಅಪರಾಧ ತೋರಿಸಿ ನಾಜಿ ಅಪರಾಧವನ್ನು ಚಿಕ್ಕದು ಮಾಡಬಾರದು, ನಾಜಿ ಅಪರಾಧ ತೋರಿಸಿ ಸ್ಟಾಲಿನ್ ಕಾಲದ್ದನ್ನು ಕ್ಷುಲ್ಲಕ ಅನ್ನಬಾರದು. 1997ರಲ್ಲಿ ಎರಡನೇ ಶಿಬಿರಕ್ಕೂ ಒಂದು ಪ್ರದರ್ಶನ ಕಟ್ಟಡ ಕಟ್ಟಿದರು. ಹಳೆಯ ಬೇಲಿಯ ಹೊರಗೆ, ಕಾಡಿನ ಗೋರಿಗಳ ಹತ್ತಿರ, ಪ್ರತ್ಯೇಕವಾಗಿ. ಅಳೆದು ಇಟ್ಟ ಆ ದೂರದಲ್ಲಿ ಯಾವ ಭಾಷಣಕ್ಕಿಂತ ಜಾಸ್ತಿ ವಿವೇಕವಿದೆ ಎಂದು ನನ್ನ ಭಾವನೆ.

ಆಗ ಜರ್ಮನಿಯ ಪೂರ್ವ ತುದಿಯಲ್ಲಿದ್ದ ಪೂರ್ವ ಪ್ರಷ್ಯಾದ ಕೋನಿಗ್ಸ್‌ಬರ್ಗ್‌ಗೆ ಇಂಥ ವಿವೇಕ ತಲುಪಲು ತಡವಾಯಿತು. ತತ್ವಜ್ಞಾನಿ ಕಾಂಟ್ ಹುಟ್ಟಿ, ಬದುಕಿ, ಸತ್ತ ಊರು. 1945ರ ಏಪ್ರಿಲ್ 9ರಂದು ಸೋವಿಯತ್ ಸೇನೆಗೆ ಶರಣಾದಾಗ ಅಲ್ಲಿ ಒಂದು ಲಕ್ಷದಷ್ಟು ಜರ್ಮನರು ಸಿಕ್ಕಿಕೊಂಡಿದ್ದರು. ಮರುವರ್ಷ ಊರಿನ ಹೆಸರು ಕಲಿನಿನ್‌ಗ್ರಾಡ್ ಆಯಿತು. 1947-48ರಲ್ಲಿ ಉಳಿದವರನ್ನು ಜರ್ಮನಿಗೆ ಸಾಗಿಸುವಾಗ ಸುಮಾರು 25 ಸಾವಿರ ಜನ ಇದ್ದರು. ನಡುವೆ ಇಲ್ಲವಾದವರಲ್ಲಿ ಹೆಚ್ಚಿನವರನ್ನು ಹಸಿವು, ಟೈಫಸ್, ಚಳಿ ತೆಗೆದುಕೊಂಡಿದ್ದವು. ಅಮ್ಮ ಸತ್ತ ಮೇಲೆ ಮಕ್ಕಳು ಗೂಡ್ಸ್ ರೈಲು ಹತ್ತಿ ಪಕ್ಕದ ಲಿಥುವೇನಿಯಾಕ್ಕೆ ಹೋದರು. ಅಲ್ಲಿ ಬ್ರೆಡ್ ಸಿಗುತ್ತದೆ ಎಂಬ ಸುದ್ದಿ ಇತ್ತು. ಕಾಡಿನಲ್ಲಿ, ಹುಲ್ಲಿನ ಬಣವೆಯಲ್ಲಿ ಮಲಗಿ ಮನೆಮನೆ ಬೇಡಿದರು. ತೋಳದ ಮಕ್ಕಳು ಎಂದು ಅವರಿಗೆ ಹೆಸರು ಬಂತು.

ಲಿಥುವೇನಿಯಾದ ರೈತರು ಹೆದರುತ್ತಲೇ ಅವರನ್ನು ಇಟ್ಟುಕೊಂಡರು. ಜರ್ಮನ್ ಮಕ್ಕಳಿಗೆ ಆಸರೆ ಕೊಟ್ಟದ್ದು ಸೋವಿಯತ್ ಅಧಿಕಾರಿಗಳಿಗೆ ಗೊತ್ತಾದರೆ ಆಪತ್ತು. ಹಾಗಾಗಿ ಮಗುವಿಗೆ ಲಿಥುವೇನಿಯನ್ ಹೆಸರಿಟ್ಟರು, ಬಾಯಿ ಬಿಡಬೇಡ ಅಂದರು. ಕೆಲವರು ಪ್ರೀತಿಯಿಂದ ಸಾಕಿದರು, ಕೆಲವರು ಸಂಬಳವಿಲ್ಲದ ಆಳಿನಂತೆ ದುಡಿಸಿಕೊಂಡರು. ದನ ಕಾಯುತ್ತ ಬೆಳೆದ ಎಷ್ಟೋ ಮಕ್ಕಳು ಶಾಲೆ ನೋಡಲಿಲ್ಲ. ಹುಟ್ಟಿದ ದಿನ ಮರೆತರು, ಭಾಷೆ ಮರೆತರು, ಅಣ್ಣ-ತಂಗಿಯರನ್ನು ಕಳೆದುಕೊಂಡರು. 1945ರಲ್ಲಿ ಐದಾರು ವರ್ಷವಿದ್ದ ಮಗು ಯಾವ ಓಟು ಹಾಕಿತ್ತು, ಯಾರ ಮನೆ ಲೂಟಿ ಮಾಡಿತ್ತು?

ಲಿಥುವೇನಿಯಾ ಸ್ವತಂತ್ರವಾಗುವವರೆಗೆ ಅವರು ತಾವು ಯಾರೆಂದು ಜೋರಾಗಿ ಹೇಳಲಿಲ್ಲ. 1991ರಲ್ಲಿ ಒಂದು ಸಂಘ ಮಾಡಿಕೊಂಡರು. ಆಗ ಐವತ್ತರ ಆಚೀಚೆ ವಯಸ್ಸು. ಜರ್ಮನಿಗೆ ಅರ್ಜಿ ಹಾಕಿದರೆ ನೀವು ಜರ್ಮನರು ಎನ್ನುವುದಕ್ಕೆ ಕಾಗದ ತೋರಿಸಿ ಎಂಬ ತಾಪತ್ರಯ. ಕೊನೆಗೂ ಜರ್ಮನ್ ಸರ್ಕಾರ, ಯುದ್ಧದ ನಂತರ ಬಲವಂತದ ದುಡಿಮೆಗೆ ಸಿಕ್ಕಿದ ಜರ್ಮನ್ ನಾಗರಿಕರಿಗೆಂದು ಮಾಡಿದ ಪರಿಹಾರ ಯೋಜನೆಯಲ್ಲಿ 2017ರ ಬೇಸಿಗೆಯಲ್ಲಿ ಇವರನ್ನೂ ಸೇರಿಸಿತು. ಒಬ್ಬರಿಗೆ ಒಂದೇ ಸಲ, 2,500 ಯೂರೋ. ಅರ್ಜಿ ಹಾಕಲು ಕೊನೆಯ ದಿನ ಅದೇ ವರ್ಷದ ಡಿಸೆಂಬರ್ 31.